ಗೌಟ್ ಮಾತ್ರೆ ಹೃದಯಕ್ಕೆ ಹಿತವೋ ಅಪಾಯವೋ: ಎರಡೂ ಸುದ್ದಿ ನಿಜವಾಗಿರುವುದು ಹೇಗೆ?

ಮೊಬೈಲಿನಿಂದ ಮೊಬೈಲಿಗೆ ಸಾಗುವ ಆರೋಗ್ಯದ ಸುದ್ದಿಗಳಲ್ಲಿ ಗೌಟ್ ಕುರಿತ, ಅಂದರೆ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಕೀಲು ಊದಿ ನೋಯುವ ಕಾಯಿಲೆ ಕುರಿತ, ಎರಡು ಸುದ್ದಿಗಳು ಓದುಗರನ್ನು ಗಲಿಬಿಲಿಗೊಳಿಸುತ್ತಿವೆ. ಗೌಟ್‌ಗೆ ಕೊಡುವ ಮಾತ್ರೆಯಿಂದ ಹೃದ್ರೋಗದ ಸಾವು ಹೆಚ್ಚಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿದೆ ಎನ್ನುತ್ತದೆ ಒಂದು ಸುದ್ದಿ. ಗೌಟ್‌ನ ಹಳೆಯ ಮಾತ್ರೆಯೊಂದನ್ನು ಹೃದಯಾಘಾತ ತಡೆಯುವುದಕ್ಕೆ ಬಳಸಲು ಅದೇ ಎಫ್‌ಡಿಎ ಒಪ್ಪಿಗೆ ನೀಡಿದೆ ಎನ್ನುತ್ತದೆ ಇನ್ನೊಂದು. ಎರಡೂ ಸುಳ್ಳಲ್ಲ. ಮೊದಲನೆಯದು 2019ರ ಫೆಬ್ರುವರಿಯದು, ಫೆಬುಕ್ಸೊಸ್ಟಾಟ್ ಎಂಬ ಔಷಧಕ್ಕೆ ಸಂಬಂಧಿಸಿದ್ದು. ಎರಡನೆಯದು 2023ರ ಜೂನ್ ತಿಂಗಳದು, ಕೊಲ್ಚಿಸಿನ್ ಎಂಬ ಬೇರೆಯೇ ಔಷಧಕ್ಕೆ ಸಂಬಂಧಿಸಿದ್ದು.

ಕಾರವಾರ, ಅಂಕೋಲಾ, ಕುಮಟಾಗಳ ಔಷಧದಂಗಡಿಗಳಲ್ಲಾಗಲಿ, ಘಟ್ಟ ಹತ್ತಿದ ಮೇಲೆ ಶಿರಸಿಯ ಪೇಟೆಯಲ್ಲಾಗಲಿ, ಇವೆಲ್ಲವೂ ‘ಯೂರಿಕ್ ಆಸಿಡ್ ಮಾತ್ರೆ’ ಎಂಬ ಒಂದೇ ಹೆಸರಿನಲ್ಲಿ ಕೈ ಬದಲಾಗುತ್ತವೆ. ಗೊಂದಲ ಹುಟ್ಟುವುದು ಇಲ್ಲೇ. ಬೇರೆ ಬೇರೆ ಕೆಲಸಕ್ಕೆ ಇರುವ ಔಷಧಗಳನ್ನು ಒಂದೇ ಎಂದು ತಿಳಿದಾಗ ಒಂದರ ಮೇಲಿನ ಎಚ್ಚರಿಕೆಗೆ ಇನ್ನೊಂದನ್ನು ನಿಲ್ಲಿಸುವುದು, ಒಂದರ ಹೊಗಳಿಕೆ ಓದಿ ಇನ್ನೊಂದನ್ನು ನುಂಗುವುದು ನಡೆಯುತ್ತದೆ.

ಉಪ್ಪಿನ ಆಗರದ ಲೆಕ್ಕ

ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ನೆನೆದರೆ ಗೌಟ್‌ನ ಮೂಲ ಸುಲಭವಾಗಿ ಅರ್ಥವಾಗುತ್ತದೆ. ಆಗರಕ್ಕೆ ಬಿಟ್ಟ ನೀರಿನಲ್ಲಿ ಉಪ್ಪಿನ ಸಾಂದ್ರತೆ ಒಂದು ಮಿತಿಗೆ ಬರುವವರೆಗೆ ಕಣ್ಣಿಗೆ ಏನೂ ಕಾಣುವುದಿಲ್ಲ. ಮಿತಿ ದಾಟಿದ ಮೇಲೆ ಹರಳುಗಟ್ಟಲು ತೊಡಗುತ್ತದೆ. ರಕ್ತದಲ್ಲಿರುವ ಯೂರಿಕ್ ಆಮ್ಲಕ್ಕೂ ಅಂಥದೊಂದು ಮಿತಿಯಿದ್ದು, ಅದು ಪ್ರತಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂ. ಅದಕ್ಕಿಂತ ಮೇಲೆ ವರ್ಷಗಟ್ಟಲೆ ನಿಂತರೆ, ದೇಹದ ಇತರ ಭಾಗಗಳಿಗಿಂತ ತಂಪಾಗಿರುವ ಕಾಲಿನ ಹೆಬ್ಬೆರಳಿನಂಥ ಕೀಲುಗಳಲ್ಲಿ ಸೂಜಿಯಾಕಾರದ ಹರಳುಗಳು ಕೂಡುತ್ತವೆ. ಒಂದು ರಾತ್ರಿ ಬಿಳಿ ರಕ್ತಕಣಗಳು ಆ ಹರಳುಗಳನ್ನು ಶತ್ರುಗಳೆಂದು ಬಗೆದು ಮುತ್ತಿಕೊಂಡಾಗ ಕೀಲು ಕೆಂಪಗೆ ಊದಿ, ಹೊದಿಕೆ ಸೋಕಿದರೂ ಸಹಿಸಲಾಗದಂಥ ನೋವು ಏಳುತ್ತದೆ. ಆಯುರ್ವೇದದಲ್ಲಿ ವಾತರಕ್ತ ಎಂದು ಹೆಸರಿಸಿರುವ ಕಾಯಿಲೆಯ ವಿವರಗಳು ಇದನ್ನು ಬಹುಮಟ್ಟಿಗೆ ಹೋಲುತ್ತವೆ.

ಯೂರಿಕ್ ಆಮ್ಲ ಹೊರಗಿನಿಂದ ಬರುವ ವಿಷವಲ್ಲ. ದೇಹದ ಜೀವಕೋಶಗಳು ಸವೆದಾಗ, ಮತ್ತು ಸ್ವಲ್ಪ ಮಟ್ಟಿಗೆ ಆಹಾರದಿಂದ, ಪ್ಯೂರಿನ್ ಎಂಬ ವಸ್ತು ಒಡೆದು ಇದು ಉಂಟಾಗುತ್ತದೆ. ಬಹುತೇಕ ಸಸ್ತನಿಗಳಲ್ಲಿ ಇದನ್ನು ಮತ್ತೂ ಕರಗಿಸುವ ಯೂರಿಕೇಸ್ ಎಂಬ ಕಿಣ್ವವಿದೆ. ಮನುಷ್ಯನ ಪೂರ್ವಜರು ವಿಕಾಸದ ಹಾದಿಯಲ್ಲಿ ಅದನ್ನು ಕಳೆದುಕೊಂಡರು. ಹೀಗಾಗಿ ನಮ್ಮಲ್ಲಿ ಮೂರರಲ್ಲಿ ಎರಡು ಪಾಲಿನಷ್ಟನ್ನು ಮೂತ್ರಪಿಂಡಗಳೇ ಹೊರಹಾಕಬೇಕು. ಗೌಟ್ ಇರುವವರಲ್ಲಿ ಹೆಚ್ಚಿನವರ ತೊಂದರೆ ಅತಿ ಉತ್ಪಾದನೆಯದ್ದಲ್ಲ, ಸಾಕಷ್ಟು ಹೊರಹೋಗದಿರುವುದು.

ಇದರಿಂದ ಎರಡು ಸಂಗತಿಗಳು ಹೊರಡುತ್ತವೆ. ನೋವು ಇಳಿದ ಮಾತ್ರಕ್ಕೆ ಹರಳು ಹೋಗಿರುವುದಿಲ್ಲ. ಹರಳು ಕರಗಬೇಕಾದರೆ ಸುತ್ತಲಿನ ದ್ರವದ ಸಾಂದ್ರತೆ ಮಿತಿಗಿಂತ ಕೆಳಗೆ ಇಳಿದು, ತಿಂಗಳುಗಟ್ಟಲೆ ಅಲ್ಲೇ ಉಳಿಯಬೇಕು.

ಒಂದೇ ಚೀಟಿಯಲ್ಲಿ ಮೂರು ಬಗೆಯ ಕೆಲಸ

ವೈದ್ಯರು ಬರೆಯುವ ಚೀಟಿಯಲ್ಲಿ ಮೊದಲ ಬಗೆಯವು ಎದ್ದ ನೋವನ್ನು ಆರಿಸುವ ಔಷಧಗಳು: ಡೈಕ್ಲೋಫೆನಾಕ್, ಎಟೋರಿಕಾಕ್ಸಿಬ್‌ನಂಥ ನೋವು ನಿವಾರಕಗಳು, ಕೆಲವು ದಿನಗಳ ಮಟ್ಟಿಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಅಥವಾ ಕೊಲ್ಚಿಸಿನ್. ಇವು ಉರಿಯೂತವನ್ನು ತಗ್ಗಿಸುತ್ತವೆ, ಯೂರಿಕ್ ಆಮ್ಲವನ್ನು ಮುಟ್ಟುವುದಿಲ್ಲ. ಎರಡನೆಯ ಬಗೆಯವು ಆಮ್ಲದ ಮಟ್ಟವನ್ನೇ ಇಳಿಸುವ ಅಲೋಪ್ಯೂರಿನಾಲ್ ಮತ್ತು ಫೆಬುಕ್ಸೊಸ್ಟಾಟ್. ಇವೆರಡೂ ಪ್ಯೂರಿನ್ ಯೂರಿಕ್ ಆಮ್ಲವಾಗಿ ಮಾರ್ಪಡುವ ಕೊನೆಯ ಮೆಟ್ಟಿಲಿನ ಕಿಣ್ವವನ್ನು ತಡೆಯುತ್ತವೆ, ನೋವನ್ನು ಕಡಿಮೆ ಮಾಡುವುದಿಲ್ಲ. ಮೂರನೆಯದು ಕಾವಲಿನ ಕೆಲಸ, ಇದನ್ನು ಸಾಮಾನ್ಯವಾಗಿ ಕಡಿಮೆ ಪ್ರಮಾಣದ ಕೊಲ್ಚಿಸಿನ್‌ಗೆ ಒಪ್ಪಿಸಲಾಗುತ್ತದೆ.

ಕಾವಲು ಏಕೆ ಬೇಕೆಂಬುದು ಚಿಕಿತ್ಸೆಯಲ್ಲೇ ಅತ್ಯಂತ ತಪ್ಪು ತಿಳಿವಳಿಕೆಗೆ ಒಳಗಾದ ಭಾಗ. ನೀರು ತಾಗಿದ ಉಪ್ಪಿನ ರಾಶಿ ಒಮ್ಮೆಲೇ ಕರಗದೆ ಮೊದಲು ಕುಸಿದು ಚೆದುರುವಂತೆ, ಆಮ್ಲ ಇಳಿಯತೊಡಗಿದಾಗ ಕೀಲಿನಲ್ಲಿ ಅಂಟಿಕೊಂಡಿದ್ದ ಹರಳುಗಳು ಸಡಿಲಗೊಂಡು ಉದುರುತ್ತವೆ, ಉದುರಿದ ಹರಳುಗಳು ಬಿಳಿ ರಕ್ತಕಣಗಳ ಕಣ್ಣಿಗೆ ಬೀಳುತ್ತವೆ. ಹಾಗಾಗಿ ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ಶುರುಮಾಡಿದ ಮೊದಲ ತಿಂಗಳುಗಳಲ್ಲಿ ನೋವಿನ ದಾಳಿ ಹೆಚ್ಚಾಗುವುದುಂಟು. ಅದು ಔಷಧ ಕೆಲಸ ಮಾಡುತ್ತಿರುವ ಲಕ್ಷಣ. ಆದರೆ ರೋಗಿಗೆ ಕಾಣುವುದು ‘ಈ ಮಾತ್ರೆ ಆಗಿಬರಲಿಲ್ಲ’ ಎಂದು. ಅಮೆರಿಕದ ರುಮಟಾಲಜಿ ಕಾಲೇಜು, ಅಂದರೆ ಕೀಲುರೋಗ ತಜ್ಞರ ಸಂಘ, 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿ 3ರಿಂದ 6 ತಿಂಗಳ ಕಾವಲು ಔಷಧವನ್ನು ಜೊತೆಗೆ ಕೊಡಲು ಹೇಳುವುದು ಈ ಕಾರಣಕ್ಕೆ.

ಕೊಲ್ಚಿಸಿನ್ ನಮ್ಮ ಬೇಲಿಗೆ ದೂರದ್ದೇನಲ್ಲ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆ ಕೆಂಪು ಹಳದಿಯ ಜ್ವಾಲೆಯಂತೆ ಅರಳುವ ಗೌರಿ ಹೂವು, ಅಗ್ನಿಶಿಖೆ ಎಂದೂ ಕರೆಯುವ ಬಳ್ಳಿ, ಇದೇ ವಸ್ತುವನ್ನು ತನ್ನ ಗೆಡ್ಡೆಯಲ್ಲೂ ಬೀಜದಲ್ಲೂ ಇಟ್ಟುಕೊಂಡಿದೆ. ಆದರೆ ಔಷಧವಾಗುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಿರಿದು. ಗೆಣಸೆಂದು ಭಾವಿಸಿ ಈ ಗೆಡ್ಡೆ ತಿಂದು ಸತ್ತವರ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮಾತ್ರೆಯ ವಿಷಯದಲ್ಲೂ ಅದೇ ಎಚ್ಚರ ಬೇಕು. ಬೇಧಿ ಆಗುವವರೆಗೆ ಗಂಟೆಗೊಂದರಂತೆ ನುಂಗಿಸುತ್ತಿದ್ದ ಹಳೆಯ ಪದ್ಧತಿ ಈಗಿಲ್ಲ. ಒಟ್ಟು 4.8 ಮಿಲಿಗ್ರಾಂಗೆ ಹೋಲಿಸಿ ಒಟ್ಟು 1.8 ಮಿಲಿಗ್ರಾಂ ಕೊಟ್ಟು ನೋಡಿದ 2010ರ ಪ್ರಯೋಗದಲ್ಲಿ ಕಡಿಮೆ ಪ್ರಮಾಣವೂ ಅಷ್ಟೇ ಗುಣ ಕೊಟ್ಟಿತು, ಅಡ್ಡಪರಿಣಾಮ ಮಾತ್ರ ಎಷ್ಟೋ ಕಡಿಮೆಯಿತ್ತು. ಕ್ಲಾರಿಥ್ರೊಮೈಸಿನ್ ಎಂಬ ಸಾಮಾನ್ಯ ಆಂಟಿಬಯಾಟಿಕ್ ಜೊತೆಗೆ ಸೇರಿದರೆ ಕೊಲ್ಚಿಸಿನ್ ದೇಹದಲ್ಲಿ ಅಪಾಯಕಾರಿಯಾಗಿ ಶೇಖರವಾಗುತ್ತದೆ.

ಫೆಬುಕ್ಸೊಸ್ಟಾಟ್ ಮೇಲಿನ ಎಚ್ಚರಿಕೆ

ಮೊದಲ ಸುದ್ದಿಯ ಹಿಂದೆ ಇರುವುದು ‘ಕೇರ್ಸ್’ ಎಂಬ ಪ್ರಯೋಗ. ಫೆಬುಕ್ಸೊಸ್ಟಾಟ್‌ಗೆ 2009ರಲ್ಲಿ ಒಪ್ಪಿಗೆ ಕೊಡುವಾಗಲೇ ಹೃದಯದ ಬಗ್ಗೆ ಅನುಮಾನವಿದ್ದುದರಿಂದ, ಅದನ್ನು ಪರೀಕ್ಷಿಸಬೇಕೆಂದು ಎಫ್‌ಡಿಎ ಕಂಪನಿಗೆ ಷರತ್ತು ಹಾಕಿತ್ತು. ಗೌಟ್ ಜೊತೆಗೆ ಆಗಲೇ ಹೃದಯ ಅಥವಾ ರಕ್ತನಾಳದ ಕಾಯಿಲೆಯಿದ್ದ 6,190 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಫೆಬುಕ್ಸೊಸ್ಟಾಟ್, ಇನ್ನೊಂದಕ್ಕೆ ಅಲೋಪ್ಯೂರಿನಾಲ್ ಕೊಡಲಾಯಿತು. 2018ರಲ್ಲಿ ಬಂದ ಫಲಿತಾಂಶ ವಿಚಿತ್ರವಾಗಿತ್ತು. ಹೃದಯಾಘಾತ, ಪಾರ್ಶ್ವವಾಯು ಮೊದಲಾದವನ್ನೆಲ್ಲ ಸೇರಿಸಿ ಎಣಿಸಿದಾಗ ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮ. ಸಾವನ್ನು ಮಾತ್ರ ಬೇರ್ಪಡಿಸಿ ನೋಡಿದಾಗ ಹೃದಯ ಸಂಬಂಧಿ ಸಾವು ಫೆಬುಕ್ಸೊಸ್ಟಾಟ್ ಗುಂಪಿನಲ್ಲಿ ಶೇ 4.3, ಅಲೋಪ್ಯೂರಿನಾಲ್ ಗುಂಪಿನಲ್ಲಿ ಶೇ 3.2. ಇದರ ಆಧಾರದ ಮೇಲೆ ಎಫ್‌ಡಿಎ, ಔಷಧದ ಮಾಹಿತಿ ಪತ್ರದ ಮೇಲ್ಭಾಗದಲ್ಲಿ ಚೌಕಟ್ಟಿನೊಳಗೆ ಮುದ್ರಿಸುವ ಅತಿ ಗಂಭೀರ ಎಚ್ಚರಿಕೆಯನ್ನು ಸೇರಿಸಿ, ಅಲೋಪ್ಯೂರಿನಾಲ್ ಫಲಿಸದವರಿಗೆ ಅಥವಾ ಒಗ್ಗದವರಿಗೆ ಮಾತ್ರ ಇದನ್ನು ಮಿತಿಗೊಳಿಸಿತು.

ಆ ಪ್ರಯೋಗದ ದೌರ್ಬಲ್ಯವೂ ಸಣ್ಣದಲ್ಲ. ಭಾಗವಹಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಡುವೆಯೇ ಔಷಧ ಬಿಟ್ಟಿದ್ದರು, ಶೇ 45ರಷ್ಟು ಮಂದಿ ಕೊನೆಯವರೆಗೆ ತಪಾಸಣೆಗೇ ಬರಲಿಲ್ಲ, ಸಾವುಗಳಲ್ಲಿ ಬಹುಪಾಲು ಸಂಭವಿಸಿದ್ದು ಔಷಧ ನಿಲ್ಲಿಸಿದ ಮೇಲೆ. ಅಂದಮೇಲೆ ಸಾವಿಗೆ ಔಷಧ ಕಾರಣವೋ, ಅದನ್ನು ನಿಲ್ಲಿಸಿದ್ದು ಕಾರಣವೋ ಎಂಬ ಪ್ರಶ್ನೆ ಏಳದಿರಲು ಸಾಧ್ಯವಿಲ್ಲ. ಈ ಔಷಧ ಹೃದಯಕ್ಕೆ ಸುರಕ್ಷಿತವೇ ಎಂಬುದನ್ನೇ ನೋಡಲು ಬ್ರಿಟನ್, ಡೆನ್ಮಾರ್ಕ್ ಮತ್ತು ಸ್ವೀಡನ್‌ಗಳಲ್ಲಿ 60 ದಾಟಿದ 6,128 ಮಂದಿಯ ಮೇಲೆ ನಡೆದ ‘ಫಾಸ್ಟ್’ ಪ್ರಯೋಗ 2020ರಲ್ಲಿ ಬಂದಾಗ ಚಿತ್ರ ತಿರುವುಮುರುವಾಯಿತು: ಫೆಬುಕ್ಸೊಸ್ಟಾಟ್ ತೆಗೆದುಕೊಂಡವರಲ್ಲಿ ಸಾವು ಶೇ 7.2, ಅಲೋಪ್ಯೂರಿನಾಲ್‌ನವರಲ್ಲಿ ಶೇ 8.6. ಇಲ್ಲಿ ತಪಾಸಣೆ ತಪ್ಪಿಸಿಕೊಂಡವರು ತೀರಾ ಕಡಿಮೆ. ಹಾಗೆಂದು ಇದು ಮೊದಲಿನದನ್ನು ಪೂರ್ತಿ ಅಳಿಸಿಹಾಕುವುದಿಲ್ಲ, ಏಕೆಂದರೆ ಹೃದ್ರೋಗದ ಇತಿಹಾಸವಿದ್ದವರು ಇದರಲ್ಲಿ ಮೂರನೇ ಒಂದು ಪಾಲು ಮಾತ್ರ, ಇತ್ತೀಚೆಗೆ ಹೃದಯಾಘಾತವಾದವರನ್ನು ಸೇರಿಸಿಕೊಂಡೇ ಇರಲಿಲ್ಲ.

ಬ್ರಿಟನ್ನಿನ ನಿಯಂತ್ರಣ ಸಂಸ್ಥೆ ‘ಹೃದ್ರೋಗಿಗಳು ಇದನ್ನು ದೂರವಿಡಬೇಕು’ ಎಂದಿದ್ದ ತನ್ನ ಸಲಹೆಯನ್ನು 2023ರಲ್ಲಿ ‘ಎಚ್ಚರಿಕೆಯಿಂದ ಬಳಸಬಹುದು’ ಎಂಬಲ್ಲಿಗೆ ಸಡಿಲಿಸಿತು; ಎಫ್‌ಡಿಎ ತನ್ನ ಚೌಕಟ್ಟಿನ ಎಚ್ಚರಿಕೆಯನ್ನು ತೆಗೆದಿಲ್ಲ. ಅದೇ ಆಧಾರಗಳನ್ನು ಇಬ್ಬರು ಬೇರೆ ಬೇರೆ ತೂಗಿದ್ದಾರೆ, ಅಷ್ಟೆ. ಎರಡರಿಂದಲೂ ಹೊರಡುವ ನ್ಯಾಯವಾದ ತೀರ್ಮಾನ ಇಷ್ಟು: ಹೃದಯಾಘಾತ ಆಗಿರುವವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಮೊದಲ ಆಯ್ಕೆ ಅಲೋಪ್ಯೂರಿನಾಲ್ ಆಗಿರಲಿ, ಉಳಿದವರು ಫೆಬುಕ್ಸೊಸ್ಟಾಟ್‌ನಲ್ಲಿ ನೆಮ್ಮದಿಯಾಗಿದ್ದರೆ ಒಂದು ಮೆಸೇಜು ಓದಿ ಬಿಡಬೇಕಾಗಿಲ್ಲ.

ಅಲೋಪ್ಯೂರಿನಾಲ್‌ಗೆ ಅಂಟಿದ ಭಯ

ಹಾಗಾದರೆ 1966ರಿಂದ ಬಳಕೆಯಲ್ಲಿರುವ, ನಮ್ಮ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಇರುವ, ಅಗ್ಗದ ಅಲೋಪ್ಯೂರಿನಾಲ್ ಬಿಟ್ಟು ನಮ್ಮಲ್ಲಿ ಫೆಬುಕ್ಸೊಸ್ಟಾಟ್ ಅಷ್ಟೊಂದು ಬರೆಯುವುದೇಕೆ? ಎರಡು ಕಾರಣಗಳಿವೆ. ಫೆಬುಕ್ಸೊಸ್ಟಾಟ್ 40 ಅಥವಾ 80 ಮಿಲಿಗ್ರಾಂನ ಒಂದು ಮಾತ್ರೆಯಲ್ಲಿ ಕೆಲಸ ಮುಗಿಯುತ್ತದೆ, ಅಲೋಪ್ಯೂರಿನಾಲ್ ಅನ್ನು 100 ಮಿಲಿಗ್ರಾಂ ಅಥವಾ ಅದಕ್ಕೂ ಕೆಳಗೆ ಆರಂಭಿಸಿ, ಪ್ರತಿ ಸಲ ರಕ್ತ ಪರೀಕ್ಷೆ ನೋಡಿ, ಹಂತ ಹಂತವಾಗಿ ಏರಿಸಬೇಕು. ಇನ್ನೊಂದು, ಅಪರೂಪವಾದರೂ ಪ್ರಾಣಾಂತಿಕವಾದ ಚರ್ಮದ ಪ್ರತಿಕ್ರಿಯೆ.

ಆ ಪ್ರತಿಕ್ರಿಯೆ ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳಲ್ಲಿ ಬರುತ್ತದೆ, ಆರಂಭದ ಪ್ರಮಾಣ ಜಾಸ್ತಿಯಾದಷ್ಟೂ, ಮೂತ್ರಪಿಂಡ ದುರ್ಬಲವಾಗಿದ್ದಷ್ಟೂ ಅಪಾಯ ಏರುತ್ತದೆ. ಎಚ್‌ಎಲ್‌ಎ-ಬಿ 5801 ಎಂಬ ವಂಶವಾಹಿ ಗುರುತು ಇರುವವರಲ್ಲಿ ಇದರ ಸಂಭವ ಬಹಳ ಹೆಚ್ಚು. ಚೀನಾದ ಹಾನ್, ಕೊರಿಯಾ, ಥಾಯ್ ಮೂಲದವರಿಗೂ ಆಫ್ರಿಕನ್ ಮೂಲದ ಅಮೆರಿಕನ್ನರಿಗೂ ಮುಂಚಿತವಾಗಿ ಆ ಪರೀಕ್ಷೆ ಮಾಡಿಸಬೇಕೆಂದು 2020ರ ಮಾರ್ಗಸೂಚಿ ಹೇಳುತ್ತದೆ, ಉಳಿದೆಲ್ಲರಿಗೂ ಅಲ್ಲ. ಮೈಮೇಲೆ ದದ್ದು, ಜ್ವರ, ಬಾಯಿಯಲ್ಲಿ ಹುಣ್ಣು ಕಂಡರೆ ಮಾತ್ರ ಆ ಗಳಿಗೆಯಲ್ಲೇ ಮಾತ್ರೆ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಇಡೀ ಲೇಖನದಲ್ಲಿ ರೋಗಿ ತಾನಾಗಿಯೇ ಮಾತ್ರೆ ನಿಲ್ಲಿಸಬೇಕಾದ ಸಂದರ್ಭ ಇದೊಂದೇ.

ಹಂತವಾಗಿ ಏರಿಸುವ ಶ್ರಮಕ್ಕೆ ಬೆಲೆಯಿದೆ ಎಂಬುದನ್ನು 940 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ತೋರಿಸಿತು: ಗುರಿ ಮುಟ್ಟುವವರೆಗೆ ಪ್ರಮಾಣ ಏರಿಸಿದರೆ ಅಲೋಪ್ಯೂರಿನಾಲ್ ಫೆಬುಕ್ಸೊಸ್ಟಾಟ್‌ಗಿಂತ ಕಡಿಮೆಯೇನಲ್ಲ. ಮೂತ್ರಪಿಂಡದ ಕಾಯಿಲೆಯಿದ್ದವರೂ ಅದರಲ್ಲಿದ್ದರು. 100 ಮಿಲಿಗ್ರಾಂನಲ್ಲೇ ವರ್ಷಗಟ್ಟಲೆ ನಿಲ್ಲಿಸಿ ‘ಈ ಔಷಧ ಪ್ರಯೋಜನವಿಲ್ಲ’ ಎನ್ನುವುದು ಔಷಧದ ಸೋಲಲ್ಲ.

ಕೊಲ್ಚಿಸಿನ್ ಮತ್ತು ಹೃದಯ

ಎರಡನೇ ಸುದ್ದಿಯ ತರ್ಕ ಬೇರೆ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟುವುದರಲ್ಲಿ ಉರಿಯೂತದ ಪಾತ್ರವಿದೆ. ಕೊಲ್ಚಿಸಿನ್ ಉರಿಯೂತ ತಗ್ಗಿಸುತ್ತದೆ. 5,522 ಹೃದ್ರೋಗಿಗಳಿಗೆ ದಿನಕ್ಕೆ 0.5 ಮಿಲಿಗ್ರಾಂ ಕೊಟ್ಟ 2020ರ ಪ್ರಯೋಗದಲ್ಲಿ ಹೃದಯಾಘಾತದಂಥ ಘಟನೆಗಳು ಶೇ 9.6ರಿಂದ ಶೇ 6.8ಕ್ಕೆ ಇಳಿದವು, ಎಫ್‌ಡಿಎ ಒಪ್ಪಿಗೆಗೆ ಇದು ಮುಖ್ಯ ಆಧಾರವಾಯಿತು. ಆದರೆ ಹೃದಯಾಘಾತವಾದ ಕೂಡಲೇ 7,062 ಮಂದಿಯನ್ನು ಸೇರಿಸಿಕೊಂಡು ನಡೆಸಿ, 2024ರ ಕೊನೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಥ ಘಟನೆಗಳು ಕೊಲ್ಚಿಸಿನ್ ಪಡೆದವರಲ್ಲಿ ಶೇ 9.1, ಪಡೆಯದವರಲ್ಲಿ ಶೇ 9.3, ಅಂದರೆ ವ್ಯತ್ಯಾಸವೇ ಇಲ್ಲ. ಹೃದ್ರೋಗ ತಜ್ಞರ ಚರ್ಚೆ ಇನ್ನೂ ಮುಗಿದಿಲ್ಲ. ಗೌಟ್ ರೋಗಿ ಇದರಿಂದ ತಿಳಿಯಬೇಕಾದದ್ದು, ಕೊಲ್ಚಿಸಿನ್ ಯೂರಿಕ್ ಆಮ್ಲವನ್ನು ಎಳ್ಳಷ್ಟೂ ಇಳಿಸುವುದಿಲ್ಲ, ಆದ್ದರಿಂದ ‘ಹೃದಯಕ್ಕೂ ಒಳ್ಳೆಯದಂತೆ’ ಎಂದು ಉಳಿದ ಮಾತ್ರೆ ಬಿಟ್ಟು ಇದೊಂದನ್ನೇ ನುಂಗಿದರೆ ಹರಳು ಬೆಳೆಯುತ್ತಲೇ ಇರುತ್ತದೆ.

ಬಂಗಡೆ, ಬೇಳೆ, ಜೋನಿ ಬೆಲ್ಲ

ಕರಾವಳಿಯಲ್ಲಿ ಗೌಟ್ ಎಂದೊಡನೆ ಮೀನಿನ ಮೇಲೆ ಬೆರಳು ತೋರಿಸಲಾಗುತ್ತದೆ. ಬಂಗಡೆ, ತಾರ್ಲೆ, ಸಿಗಡಿ, ತಿಸ್ರೆಗಳಲ್ಲಿ ಪ್ಯೂರಿನ್ ಜಾಸ್ತಿಯೆಂಬುದು ನಿಜ. ಅಮೆರಿಕದಲ್ಲಿ 47,150 ಪುರುಷರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಂಸ ಮತ್ತು ಮೀನು ಹೆಚ್ಚು ತಿನ್ನುವವರಲ್ಲಿ ಗೌಟ್ ಹೆಚ್ಚಿತ್ತು. ಅದೇ ಅಧ್ಯಯನ ಹೇಳಿದ ಇನ್ನೆರಡು ಮಾತುಗಳು ನಮ್ಮೂರಿಗೆ ಬಂದು ತಲುಪಿದಂತಿಲ್ಲ: ಕಾಳು, ತರಕಾರಿಯಲ್ಲಿರುವ ಪ್ಯೂರಿನ್‌ಗೂ ಗೌಟ್‌ಗೂ ನಂಟು ಕಾಣಲಿಲ್ಲ, ಹಾಲಿನ ಪದಾರ್ಥಗಳನ್ನು ಸೇವಿಸುವವರಲ್ಲಿ ಕಾಯಿಲೆ ಕಡಿಮೆಯಿತ್ತು. ಹೀಗಿರುವಾಗ ತೊಗರಿಬೇಳೆ ಬಿಡುವುದರಲ್ಲಿ ಅರ್ಥವಿಲ್ಲ. ಹೆಸರಿನಲ್ಲಿ ‘ಆಮ್ಲ’ ಇದೆಯೆಂದು ಮಜ್ಜಿಗೆ, ತಂಬುಳಿ, ಅಪ್ಪೆಹುಳಿಗಳನ್ನು ದೂರವಿಡುವುದಕ್ಕೂ ಆಧಾರವಿಲ್ಲ. ನಾಲಿಗೆಗೆ ಹುಳಿಯಾದುದಕ್ಕೂ ಯೂರಿಕ್ ಆಮ್ಲಕ್ಕೂ ಸಂಬಂಧವಿಲ್ಲ.

ಸಸ್ಯಾಹಾರಿಗಳಿಗೆ ಗೌಟ್ ಬರುವುದಿಲ್ಲವೆಂಬ ಘಟ್ಟದ ಮೇಲಿನ ನಂಬಿಕೆಯೂ ನಿಲ್ಲದು. ಸಕ್ಕರೆ, ಜೋನಿ ಬೆಲ್ಲ, ಸಿಹಿ ಪಾನೀಯಗಳಿಂದ ಬರುವ ಫ್ರಕ್ಟೋಸ್ ಯಕೃತ್ತಿನಲ್ಲಿ ಒಡೆಯುವಾಗ ಜೀವಕೋಶದ ಶಕ್ತಿಯ ಅಣುಗಳು ಖರ್ಚಾಗಿ, ಅವುಗಳ ಉಳಿಕೆಯೇ ಯೂರಿಕ್ ಆಮ್ಲವಾಗುತ್ತದೆ. ಮದ್ಯದಲ್ಲಿ ಬಿಯರ್ ಎಲ್ಲಕ್ಕಿಂತ ಕೆಟ್ಟದ್ದು, ಏಕೆಂದರೆ ಅದರಲ್ಲಿ ಮದ್ಯಸಾರದ ಜೊತೆಗೆ ಪ್ಯೂರಿನ್ ಕೂಡ ಇದೆ. ಇಷ್ಟಾದರೂ ಪಥ್ಯದ ಬಲ ಸೀಮಿತ. 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಜನರ ನಡುವೆ ಯೂರಿಕ್ ಆಮ್ಲದ ಮಟ್ಟದಲ್ಲಿ ಕಾಣುವ ವ್ಯತ್ಯಾಸದಲ್ಲಿ ಆಹಾರ ಕ್ರಮ ವಿವರಿಸುವುದು ಶೇ 1ಕ್ಕಿಂತ ಕಡಿಮೆ, ಆನುವಂಶಿಕತೆ ವಿವರಿಸುವುದು ಸುಮಾರು ಶೇ 24. ರೋಗಿಯ ನಾಲಿಗೆಯನ್ನೇ ದೂರುವ ಮನೆಮಂದಿ ಈ ಅಂಕಿಯನ್ನು ಒಮ್ಮೆ ನೋಡಬೇಕು. ಆಹಾರಕ್ಕಿಂತ ಮೊದಲು ನೋಡಬೇಕಾದದ್ದು ಬಿ.ಪಿ. ಮಾತ್ರೆಯನ್ನು: ಹೈಡ್ರೊಕ್ಲೋರೋಥಯಜೈಡ್, ಕ್ಲೋರ್ಥಾಲಿಡೋನ್‌ನಂಥ ಮೂತ್ರವರ್ಧಕ ಬೆರೆತ ಮಾತ್ರೆಗಳು ಯೂರಿಕ್ ಆಮ್ಲವನ್ನು ಏರಿಸುತ್ತವೆ, ಲೋಸಾರ್ಟಾನ್ ಸ್ವಲ್ಪ ಇಳಿಸುತ್ತದೆ. ಬದಲಾವಣೆ ವೈದ್ಯರ ಮೂಲಕವೇ ಆಗಬೇಕು.

ಯಾರಿಗೆ ಚಿಕಿತ್ಸೆ, ಎಷ್ಟರವರೆಗೆ

ತಜ್ಞರ ನಡುವೆ ನಿಜವಾದ ಭಿನ್ನಾಭಿಪ್ರಾಯ ಇರುವುದು ಇಲ್ಲಿ. ಆಮ್ಲವನ್ನು 6 ಮಿಲಿಗ್ರಾಂಗಿಂತ ಕೆಳಗೆ ತಂದು ಅಲ್ಲೇ ಇಡಬೇಕು ಎನ್ನುತ್ತಾರೆ ರುಮಟಾಲಜಿ ತಜ್ಞರು. ಅಂಕಿಯ ಹಿಂದೆ ಬೀಳಲು ಸಾಕಷ್ಟು ಆಧಾರವಿಲ್ಲ, ನೋವು ಬಾರದಂತೆ ನೋಡಿಕೊಂಡರೆ ಸಾಕು ಎಂದು ಅಮೆರಿಕದ ಸಾಮಾನ್ಯ ವೈದ್ಯರ ಕಾಲೇಜು 2017ರಲ್ಲಿ ಹೇಳಿತ್ತು. ಹರಳು ಕರಗುವ ಮಿತಿ ಗೊತ್ತಿರುವಾಗ ಅದರ ಕೆಳಗೆ ಇಳಿಸುವ ವಾದವೇ ಗಟ್ಟಿಯಾಗಿ ಕಾಣುತ್ತದೆ.

ನೋವೇ ಬಾರದೆ, ಪ್ಯಾಕೇಜ್ ತಪಾಸಣೆಯಲ್ಲಿ 7.5 ಎಂದು ಬಂದವರ ಸಂಗತಿ ಬೇರೆ. ಅಂಥವರಿಗೆ ಔಷಧ ಬೇಡವೆಂಬುದೇ 2020ರ ಮಾರ್ಗಸೂಚಿಯ ನಿಲುವು. ಒಬ್ಬರಿಗೆ ಒಂದು ದಾಳಿ ತಪ್ಪಿಸಲು 24 ಮಂದಿ 3 ವರ್ಷ ಮಾತ್ರೆ ನುಂಗಬೇಕಾಗುತ್ತದೆ. ಇದಕ್ಕೆ ವಿರುದ್ಧವಾಗಿ, ನೋವು ಎದ್ದಿರುವ ದಿನ ಮಾಡಿಸಿದ ಪರೀಕ್ಷೆಯಲ್ಲಿ ಆಮ್ಲ ಸಹಜವೆಂದು ಬರುವುದೂ ಉಂಟು, ಆಗ ಗೌಟ್ ಇಲ್ಲವೆಂದು ಕೈಬಿಡದೆ ಎರಡು ಮೂರು ವಾರ ಕಳೆದು ಮತ್ತೆ ನೋಡಬೇಕು.

ನಿಲ್ಲಿಸಿದರೆ ಏನಾಗುತ್ತದೆ

ಎಚ್ಚರಿಕೆಯ ಸುದ್ದಿ ಓದಿ ಮಾತ್ರೆ ಬಿಟ್ಟವರಲ್ಲಿ ಕೆಲವು ವಾರಗಳಲ್ಲಿ ಆಮ್ಲ ಮತ್ತೆ ಮೊದಲಿನ ಮಟ್ಟಕ್ಕೆ ಏರುತ್ತದೆ, ಹರಳು ಮತ್ತೆ ಕೂಡುತ್ತದೆ, ದಾಳಿಗಳು ಮರಳುತ್ತವೆ. ಪ್ರತಿ ದಾಳಿಗೂ ಅಂಗಡಿಯಿಂದ ತಂದ ನೋವಿನ ಮಾತ್ರೆ ಮೂತ್ರಪಿಂಡವನ್ನು ಸವೆಸುತ್ತದೆ, ಸವೆದ ಮೂತ್ರಪಿಂಡ ಆಮ್ಲವನ್ನು ಇನ್ನಷ್ಟು ಕಡಿಮೆ ಹೊರಹಾಕುತ್ತದೆ. ಹೃದಯದ ಭಯದಿಂದ ಬಿಟ್ಟವರಿಗೆ ಇನ್ನೊಂದು ವಿಪರ್ಯಾಸವಿದೆ. ಬ್ರಿಟನ್ನಿನ 62,574 ಗೌಟ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ 2022ರ ಅಧ್ಯಯನದಲ್ಲಿ, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಲ್ಲಿ ಅದಕ್ಕೆ ಹಿಂದಿನ 60 ದಿನಗಳೊಳಗೆ ಗೌಟ್ ದಾಳಿ ಆಗಿದ್ದ ಸಂಭವ ಉಳಿದವರಿಗಿಂತ ಸುಮಾರು ಎರಡು ಪಟ್ಟಿತ್ತು.

ಉತ್ತರ ಕನ್ನಡದಲ್ಲಿ ತಜ್ಞರನ್ನು ಕಾಣಲು ಗೋವಾ, ಮಣಿಪಾಲ ಅಥವಾ ಹುಬ್ಬಳ್ಳಿಗೆ ಹೋಗುವವರು ಬಹಳ, ಹಂತ ಹಂತವಾಗಿ ಔಷಧ ಏರಿಸುವ ಚಿಕಿತ್ಸೆಗೆ ಈ ದೂರವೇ ದೊಡ್ಡ ತೊಡಕು. ಆದರೆ ಏರಿಸುವ ಕೆಲಸಕ್ಕೆ ಪ್ರತಿ ಸಲ ತಜ್ಞರೇ ಬೇಕಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಂನಲ್ಲಿ 517 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತರಬೇತಾದ ನರ್ಸ್‌ಗಳು ಕಾಯಿಲೆಯನ್ನು ವಿವರಿಸಿ ಪ್ರಮಾಣ ಹೊಂದಿಸುತ್ತ ಹೋದಾಗ ಎರಡು ವರ್ಷದಲ್ಲಿ ಶೇ 95 ಮಂದಿ ಗುರಿ ಮುಟ್ಟಿದರು, ಎಂದಿನಂತೆ ವೈದ್ಯರ ಬಳಿ ಹೋಗುತ್ತಿದ್ದವರಲ್ಲಿ ಶೇ 30 ಮಾತ್ರ. ನಮ್ಮ ಹಳ್ಳಿಗಳ ಆರೋಗ್ಯ ಕೇಂದ್ರಗಳಲ್ಲಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯ ಅಧಿಕಾರಿಗಳು ಬಿ.ಪಿ., ಸಕ್ಕರೆ ಕಾಯಿಲೆಯವರನ್ನು ಆಗಲೇ ತಿಂಗಳು ತಿಂಗಳು ನೋಡುತ್ತಿದ್ದಾರೆ. ಗೌಟ್ ರೋಗಿಯ ಹೆಸರನ್ನೂ ಆ ರಿಜಿಸ್ಟರಿಗೆ ಸೇರಿಸಿ, ಒಂದು ಯೂರಿಕ್ ಆಮ್ಲದ ಪರೀಕ್ಷೆಯನ್ನೂ ಅಲೋಪ್ಯೂರಿನಾಲ್ 100 ಮಿಲಿಗ್ರಾಂ ಮಾತ್ರೆಯನ್ನೂ ಅಲ್ಲೇ ಸಿಗುವಂತೆ ಮಾಡುವುದಕ್ಕೆ ಹೊಸ ಕಟ್ಟಡವೂ ಬೇಕಿಲ್ಲ, ಹೊಸ ಹುದ್ದೆಯೂ ಬೇಕಿಲ್ಲ.